ಟೈಪ್ ಅಕ್ಕ ಆಡಿಯಲ್ಲಿ ಕೊಂಡ ಲ್ಯಾಪ್‌ಟಾಪ್

ಪಾಳಯಂಕೋಟೆಯ ಕೋರ್ಟಿನ ಎದುರು, ಬೇವಿನ ಮರದ ಕೆಳಗೆ, ಶೆಂಬಗಂ ಮೇಜು ಹಾಕಿಕೊಂಡು ಟೈಪ್ ಮಾಡಲು ಕೂತು ಇಪ್ಪತ್ತಮೂರು ವರ್ಷವಾಗಿತ್ತು. ವಕೀಲರಿಂದ ಹಿಡಿದು ಕೈದಿಗಳ ತಾಯಂದಿರವರೆಗೆ ಎಲ್ಲರಿಗೂ ಅವಳು ಟೈಪ್ ಅಕ್ಕ. ಹೆಸರು ಹಿಡಿದು ಕರೆಯುತ್ತಿದ್ದವರು ಇಬ್ಬರೇ: ತೂತ್ತುಕ್ಕುಡಿಗೆ ಕೊಟ್ಟ ಮಗಳ ಅತ್ತೆ ಒಬ್ಬಳು, ಪಕ್ಕದ ಮೇಜಿನಲ್ಲಿ ಇನ್ನೂ ಹಳೇ ಟೈಪ್‌ರೈಟರನ್ನೇ ಕುಟ್ಟುತ್ತಿದ್ದ ಸವರಿಮುತ್ತು ಅಣ್ಣಾಚಿ ಒಬ್ಬರು. ಆ ಕಡೆ ಹಿರಿಯ ಗಂಡಸರೆಲ್ಲ ಅಣ್ಣಾಚಿಯೇ. ಗಂಡ ಇದ್ದಷ್ಟು ದಿನ "ಏ" ಎಂದೇ ಕರೆದ. ಅವನು ಹೋಗಿ ಹದಿನೈದು ವರ್ಷವಾಯಿತು, ಅವನ ಮಾತು ಬಿಡಿ.

ಬೆರಳಿಗೆ ಬಂದದ್ದು ನಾಲಿಗೆಗೆ ಬರಬಾರದು ಎಂಬುದು ಅವಳ ನೇಮ. ಟೈಪ್‌ರೈಟರ್ ಕಾಲದಲ್ಲಿ ಕಾರ್ಬನ್ ಹಾಳೆಗಳನ್ನು ಕೂಡ ಮಡಚಿ ಮನೆಗೆ ಒಯ್ದು ಒಲೆಗೆ ಹಾಕುತ್ತಿದ್ದಳು. ಬೆಳಕಿಗೆ ಹಿಡಿದರೆ ಕಾರ್ಬನ್ನಿನಲ್ಲೂ ಅಕ್ಷರ ಕಾಣುತ್ತದೆ ಎಂದು ಅವಳಿಗೆ ಗೊತ್ತಿತ್ತು. ಯಾರ ಮಗಳು ಯಾರನ್ನು ಬಿಟ್ಟಳು, ಯಾವ ಮುದುಕ ಯಾವ ಮಗನಿಗೆ ಹೊಲ ತಪ್ಪಿಸಿದ, ಎಲ್ಲವೂ ಅವಳ ಬೆರಳಿನಿಂದ ಹಾದು ಹೋಗಿತ್ತು. ಊರಿಗೇ ಗೊತ್ತಿರುವ ಸುದ್ದಿಯನ್ನು ಕೇಳಿದರೂ "ನಂಗೆ ಗೊತ್ತಿಲ್ಲಪ್ಪ" ಎನ್ನುವ ಹೆಂಗಸು ಅವಳು. ಇಂಥವರನ್ನು ಜನ ನಂಬುತ್ತಾರೆ. ನಂಬಿಕೆ ದೊಡ್ಡ ಹೊರೆ ಎಂದು ನಂಬಿದವರಿಗೆ ಗೊತ್ತಾಗುವುದಿಲ್ಲ, ಹೊತ್ತವರಿಗೆ ಮಾತ್ರ ಗೊತ್ತು.

ಆ ವರ್ಷ ವಕೀಲೆ ಪ್ರಭಾವತಿ ಒಂದು ಮಧ್ಯಾಹ್ನ ಮುತ್ತುಸೆಲ್ವಿ ಎಂಬ ಇಪ್ಪತ್ತೆರಡರ ಹುಡುಗಿಯನ್ನು ತಂದು ಅವಳ ಮೇಜಿನ ಮುಂದೆ ಕೂರಿಸಿದಳು. ಹುಡುಗಿ ಸೆಂಗಾಡುಪಟ್ಟಿಯವಳು. ಅದೇ ಊರಿನ ಕೊನೆಯ ಬೀದಿಯ ಮಾರಿದುರೈ ಎಂಬ ಮೆಕ್ಯಾನಿಕ್‌ನನ್ನು ಮದುವೆಯಾಗಿ ಓಡಿಬಂದಿದ್ದಳು. ಕೊನೆಯ ಬೀದಿ ಎಂದರೆ ಯಾವ ಜಾತಿ ಎಂದು ಈ ಜಿಲ್ಲೆಯಲ್ಲಿ ಯಾರೂ ಕೇಳುವುದಿಲ್ಲ. ಹಾಗೆ ಮದುವೆಯಾದವರ ಕತೆ ಹೇಗೆ ಮುಗಿಯುತ್ತದೆಂದು ಶೆಂಬಗಂಗೂ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅಂಥ ಎರಡು ಶವಪರೀಕ್ಷೆಯ ವರದಿಗಳ ನಕಲನ್ನು ಅವಳೇ ಟೈಪ್ ಮಾಡಿದ್ದಳು.

ಪೊಲೀಸ್ ರಕ್ಷಣೆ ಕೇಳುವ ಅರ್ಜಿ. ಅವರಿಬ್ಬರು ಅಡಗಿ ಬದುಕುತ್ತಿದ್ದದ್ದು ತಿರುಪ್ಪೂರಿನ ಬನಿಯನ್ ಮಿಲ್ಲಿನ ಹಿಂದಿನ ಒಂದು ಬಾಡಿಗೆ ಕೋಣೆಯಲ್ಲಿ. ಆ ವಿಳಾಸವನ್ನು ಬೇರೆ ಹಾಳೆಯಲ್ಲಿ ಟೈಪ್ ಮಾಡಿ, ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಧೀಶರಿಗೆ ಮಾತ್ರ ಕೊಡುವುದೆಂದು ಪ್ರಭಾವತಿ ಹೇಳಿದಳು. ಆ ಜೋಡಿಯನ್ನು ಬಿಟ್ಟರೆ ವಿಳಾಸ ಗೊತ್ತಿದ್ದದ್ದು ಇಬ್ಬರಿಗೆ, ವಕೀಲೆಗೆ ಮತ್ತು ಶೆಂಬಗಂಗೆ.

"ಅಕ್ಕಾ, ನಿಮ್ಮ ಮಿಷಿನ್ನೊಳಗೆ ಭದ್ರವಾಗಿರುತ್ತಲ್ವಾ?" ಎಂದು ಹುಡುಗಿ ಕೇಳಿದಳು.

"ನನ್ನ ಹೊಟ್ಟೆಯೊಳಗೆ ಇದ್ದ ಹಾಗೆ ಅಂತ ತಿಳ್ಕೋ" ಎಂದಳು ಶೆಂಬಗಂ. ಹೇಳಿದ್ದು ಸುಳ್ಳಲ್ಲ. ಆಗ ಅದು ನಿಜವೇ ಆಗಿತ್ತು.

ಮಿಷಿನ್ ಎಂದರೆ ಮಗಳಿಗೆ ಹನ್ನೆರಡನೇ ಕ್ಲಾಸಿನಲ್ಲಿ ಸರ್ಕಾರ ಪುಕ್ಕಟೆ ಕೊಟ್ಟ ಲ್ಯಾಪ್‌ಟಾಪು. ಹತ್ತು ವರ್ಷ ದುಡಿದು ಅದರ ಕೀಲು ಸಡಿಲಾಗಿತ್ತು, ಮುಚ್ಚಳ ನಿಲ್ಲಲು ಹಿಂದೆ ಒಂದು ಇಟ್ಟಿಗೆ ಇಡಬೇಕಾಗಿತ್ತು. ಅರ್ಜಿಗಳನ್ನೆಲ್ಲ ಕಂಪ್ಯೂಟರಿನಲ್ಲೇ ಕಳಿಸಬೇಕೆಂಬ ನಿಯಮ ಬಂದ ಮೇಲೆ ಅದರ ಬಂಡವಾಳ ಬಯಲಾಯಿತು. ಪುಟಗಳನ್ನು ಏರಿಸಲು ಹೊರಟರೆ ಅರ್ಧದಲ್ಲಿ ಉಸಿರು ಬಿಟ್ಟು ಕಪ್ಪಾಗಿ ಕೂರುತ್ತಿತ್ತು. ಮುತ್ತುಸೆಲ್ವಿಯ ಅರ್ಜಿ ಗುರುವಾರದೊಳಗೆ ಹೋಗಬೇಕು, ಶುಕ್ರವಾರ ವಿಚಾರಣೆ. ಸೋಮವಾರ ಮಿಷಿನ್ ಮೂರು ಸಲ ಸತ್ತು ಬದುಕಿತು.

ಅದೇ ಸೋಮವಾರ ಬೇವಿನ ಮರದ ಆಚೆ ಒಂದು ಬಿಳಿ ಕಾರು ನಿಂತಿತ್ತು. ಹಿಂದಿನ ಶುಕ್ರವಾರವೂ ನಿಂತಿತ್ತು. ಅದರಿಂದ ಇಳಿದವನೊಬ್ಬ ಟೈಪ್ ಮಾಡುವವರ ಸಾಲಿನುದ್ದಕ್ಕೂ ನಡೆದು, ಪ್ರತಿ ಮೇಜಿನ ಹತ್ತಿರ ನಿಂತು, ಮೆಲ್ಲಗೆ ಒಂದೇ ಮಾತು ಕೇಳಿದ: ಸೆಂಗಾಡುಪಟ್ಟಿ ಹುಡುಗಿಯ ಕಾಗದ ಯಾರು ಟೈಪ್ ಮಾಡಿದ್ದು?

"ನಮ್ಮಲ್ಲಿ ಹೊಲ, ಮನೆ, ಬಾಡಿಗೆ ಅಷ್ಟೆ ಕಣಪ್ಪ. ಹುಡುಗೀರೆಲ್ಲ ಇಲ್ಲ" ಎಂದರು ಸವರಿಮುತ್ತು. ಅವನು ನಗಲಿಲ್ಲ. ಶೆಂಬಗಂಳ ಮೇಜಿನ ಮೇಲಿನ ಇಟ್ಟಿಗೆಯನ್ನು ಸ್ವಲ್ಪ ಹೊತ್ತು ನೋಡಿ ಹೊರಟುಹೋದ.

"ಏ ಶೆಂಬಗಂ, ನೀನು ನಾಳೇನೇ ಬೇರೆ ಮಿಷಿನ್ ತಗೊಂಡು ಆ ಅರ್ಜಿ ಕಳಿಸ್ಬಿಡು. ಆ ಹುಡುಗೀಗೆ ಪೊಲೀಸರು ಸಿಕ್ಕಿದ್ರೆ ನಿಂಗೂ ಊಟ ಇಳಿಯುತ್ತೆ" ಎಂದರು ಸವರಿಮುತ್ತು. ಆಮೇಲೆ ತಾವೇ ಬೆರಳು ಮಡಚಿ ಎಣಿಸಿ, "ಅಯ್ಯೋ, ಇದು ಆಡಿ ತಿಂಗಳು, ಶುಭಕಾರ್ಯ ಕೂಡದು. ಹೊಸ ಹೆಂಡ್ತೀನೇ ತೌರಿಗೆ ಕಳಿಸೋ ತಿಂಗಳಲ್ಲಿ ನೀನು ಹೊಸ ಮಿಷಿನ್ ಮನೆ ತುಂಬಿಸ್ಕೋತೀಯಾ?" ಎಂದರು.

"ಯಾರೂ ತಗೊಳ್ಳಲ್ಲ ಅಂತ ತಾನೆ ಅಣ್ಣಾಚಿ ಆಡಿಲಿ ರಿಯಾಯಿತಿ ಕೊಡೋದು. ಮುಂದಿನ ತಿಂಗಳು ಆವಣಿ ಬರಲಿ, ಅದೇ ಡಬ್ಬಕ್ಕೆ ಆರು ಸಾವಿರ ಜಾಸ್ತಿ ಹೇಳ್ತಾರೆ" ಎಂದಳು ಶೆಂಬಗಂ. ಹೇಳಿದಳೇ ಹೊರತು ಅವಳ ಎದೆಯಲ್ಲೂ ಆ ತಿಂಗಳ ಹೆಸರು ಮುಳ್ಳಿನ ಹಾಗೆ ಆಡುತ್ತಿತ್ತು.

ಮಂಗಳವಾರ ಎರಡು ಗಂಟೆಗೆ ಅವಳು ಹಳೇ ಲ್ಯಾಪ್‌ಟಾಪನ್ನು ಸೀರೆಯ ಚೂರಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿ ಬಸ್ಸು ಹತ್ತಿದಳು. ವಣ್ಣಾರಪೇಟೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಎಲ್ಲಕ್ಕಿಂತ ದೊಡ್ಡ ಆಡಿ ರಿಯಾಯಿತಿಯ ಬ್ಯಾನರು ಕಟ್ಟಿದ್ದದ್ದು ಕುತ್ತಾಲಂ ಅಣ್ಣಾಚಿಯ ಅಂಗಡಿ. ಅವರು ಅರವತ್ತರ ಹತ್ತಿರದ ಮನುಷ್ಯ. ಹಣೆ ತುಂಬ ವಿಭೂತಿ, ಕೈಯಲ್ಲಿ ಹಳೇ ಸ್ಟೀಲ್ ವಾಚು, ಬೆಣ್ಣೆಯಂಥ ಮಾತು. ಪಕ್ಕದಲ್ಲಿ ಕೆಲಸಗಾರ ಇಸಕ್ಕಿ, ಮೂವತ್ತು ದಾಟಿದವ, ಮುಖ ಎತ್ತಿ ಮಾತಾಡದವ.

ಶೆಂಬಗಂ ಮೊದಲು ನೋಡಿದ್ದು ಇಸಕ್ಕಿಯ ಮಣಿಕಟ್ಟನ್ನು. ಈ ಜಿಲ್ಲೆಯಲ್ಲಿ ಹೊಸಬರನ್ನು ಕಂಡರೆ ಮುಖಕ್ಕಿಂತ ಮೊದಲು ಮಣಿಕಟ್ಟು ನೋಡುವುದು ಹುಟ್ಟಿನಿಂದ ಬಂದ ರೋಗ. ಜಾತಿಗೊಂದು ಬಣ್ಣದ ದಾರ ಕಟ್ಟುವ ಸೀಮೆ ಇದು, ಅವನ ಕೈಯಲ್ಲಿ ಎರಡು ಬಣ್ಣದ ದಾರವಿತ್ತು. ಆ ಎರಡು ಬಣ್ಣ ಸೆಂಗಾಡುಪಟ್ಟಿಯ ಮೇಲಿನ ಬೀದಿಯವರದ್ದು, ಅಂದರೆ ಮುತ್ತುಸೆಲ್ವಿಯ ಅಪ್ಪ, ಚಿಕ್ಕಪ್ಪಂದಿರ ಜನದ್ದು. ಆ ದಾರ ಕಟ್ಟಿದ ಸಾವಿರ ಗಂಡಸರು ಈ ಊರಲ್ಲಿದ್ದಾರೆ, ಎಲ್ಲರೂ ಕತ್ತಿ ಹಿಡಿದವರಲ್ಲ. ಅದು ಗೊತ್ತಿದ್ದೂ ಅವಳ ಕೈ ಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿದುಕೊಂಡಿತು. ಎದ್ದು ಹೋಗಬೇಕಿತ್ತು. ಆದರೆ ಪಕ್ಕದ ಅಂಗಡಿಯಲ್ಲಿ ನಲವತ್ತೈದು ಸಾವಿರ ಹೇಳಿದ್ದರು, ಅವಳ ಹತ್ತಿರ ಇದ್ದದ್ದು ನಲವತ್ತೇ ಸಾವಿರ.

"ತಾಯಿ, ಏನು ಕೆಲಸಕ್ಕೆ ಬೇಕು?" ಎಂದರು ಕುತ್ತಾಲಂ ಅಣ್ಣಾಚಿ.

"ಟೈಪ್ ಮಾಡೋಕೆ. ಐವತ್ತು ನೂರು ಪುಟ ಒಟ್ಟಿಗೆ ಕಳಿಸೋಕೆ. ಆಟ ಆಡೋಕಲ್ಲ, ಸಿನಿಮಾ ನೋಡೋಕಲ್ಲ. ಬಣ್ಣ ಬಣ್ಣದ ದೀಪ ಉರಿಯೋದು ತೋರಿಸ್ಬೇಡಿ."

ಅಣ್ಣಾಚಿ ನಕ್ಕು ನಾಲ್ಕು ಮಾದರಿ ತೆಗೆಸಿದರು. ಶೆಂಬಗಂ ಪರದೆಗಳ ಕಡೆ ತಿರುಗಿಯೂ ನೋಡಲಿಲ್ಲ. ಕಣ್ಣು ಮುಚ್ಚಿ, ಪ್ರದರ್ಶನಕ್ಕಿಟ್ಟ ಒಂದೊಂದರ ಮೇಲೂ ಹತ್ತು ಬೆರಳಿಟ್ಟು "ಮೇಲ್ಕಂಡ ಅರ್ಜಿದಾರಳು ನಿವೇದಿಸಿಕೊಳ್ಳುವುದೇನೆಂದರೆ" ಎಂದು ತಮಿಳಿನಲ್ಲಿ ಒಂದು ಸಾಲು ಬಾರಿಸಿದಳು. ಮೊದಲನೆಯದರ ಕೀಲಿಗಳು ಕಲ್ಲು, ಎರಡನೆಯದರವು ಉಬ್ಬಿದ ಅಪ್ಪಳ. ಮೂರನೆಯದು ಬೆರಳಿಗೆ ಒಗ್ಗಿತು. ಎಂಟು ಜಿಬಿ ಮೆಮೊರಿ ಸಾಲದು, ಹದಿನಾರು ಬೇಕು ಎಂದು ಪ್ರಭಾವತಿ ಚೀಟಿ ಬರೆದುಕೊಟ್ಟಿದ್ದಳು. ಅಲ್ಲಿಂದ ಚೌಕಾಸಿ ಶುರುವಾಯಿತು.

"ಆಡಿ ರಿಯಾಯಿತಿ ಕಳೆದು ನಲವತ್ತೆರಡೂವರೆ ತಾಯಿ. ಬ್ಯಾಗು, ಮೌಸು, ವೈರಸ್ ಕಾವಲು, ಮೂರೂ ಫ್ರೀ."

"ಬ್ಯಾಗು ನನ್ನ ಹತ್ರ ಇದೆ. ಮೌಸು ಮುಟ್ಟಲ್ಲ. ಕಾವಲು ನಾನೇ ಕಾಯ್ತೀನಿ. ಮೂರೂ ನೀವೇ ಇಟ್ಕೊಂಡು ಆ ಮೆಮೊರಿ ಹಾಕ್ಕೊಡಿ."

"ಫ್ರೀ ಕೊಟ್ಟಿದ್ದು ವಾಪಸ್ ಕೊಟ್ಟು ದುಡ್ಡು ಕೇಳೋರನ್ನ ಇವತ್ತೇ ನೋಡಿದ್ದು."

"ಫ್ರೀ ಅಂದ್ರೆ ನಾನು ಕೊಡೋ ದುಡ್ಡಲ್ಲೇ ಅಲ್ವಾ ಅಣ್ಣಾಚಿ."

ಅವರು ಮತ್ತೆ ನಕ್ಕರು. ಹಳೆಯದನ್ನು ವಿನಿಮಯಕ್ಕೆ ಕೊಟ್ಟರೆ ಇನ್ನೂ ಎರಡು ಸಾವಿರ ಇಳಿಸುವುದಾಗಿ ಹೇಳಿದರು. ಶೆಂಬಗಂ ತಲೆಯಾಡಿಸಿದಳು. ಅದು ಮಾರಾಟಕ್ಕಲ್ಲ, ಒಳಗಿರುವುದನ್ನು ಹೊಸದಕ್ಕೆ ತುಂಬಿಕೊಂಡು ಮನೆಗೆ ಒಯ್ಯುವುದು ಎಂದಳು.

"ತಾಯಿ ಕೋರ್ಟಲ್ಲಿ ಇರೋರಾ?"

ಅವಳು ಚೀಲವನ್ನು ಹತ್ತಿರ ಎಳೆದುಕೊಂಡಳು. "ಅಲ್ಲೇ ಹತ್ರ. ಹೊಲ, ಮನೆ ಕಾಗದ ಟೈಪ್ ಮಾಡ್ತೀನಿ."

"ಪುಣ್ಯದ ಕೆಲಸ. ಸರಿ, ನಲವತ್ತಕ್ಕೆ ತಗೊಳ್ಳಿ, ಮೆಮೊರೀನೂ ಹಾಕಿಸ್ತೀನಿ. ಬಡವರ ಕಾಗದ ಬರೆಯೋ ಕೈ" ಎಂದರು ಕುತ್ತಾಲಂ ಅಣ್ಣಾಚಿ. ಇಷ್ಟು ಗೌರವದ ಮಾತು ಅವಳ ಕಿವಿಗೆ ಬಿದ್ದು ಬಹಳ ಕಾಲವಾಗಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ಅಲ್ಲಿ ಕರಗಿಹೋದಳು.

ಬಿಲ್ಲು ಬರೆದು, ಇಸಕ್ಕಿ ಮೆಮೊರಿ ಕೂರಿಸಿ ತಿರುಪು ಬಿಗಿದಾಗ ಗೋಡೆ ಗಡಿಯಾರ ಮೂರು ದಾಟಿತ್ತು. ಅವನು ಗುಂಡಿ ಒತ್ತಲು ಕೈ ಚಾಚಿದ. ಶೆಂಬಗಂ ಅವನ ಕೈ ತಡೆದಳು.

"ಹಚ್ಬೇಡಪ್ಪ. ರಾಹುಕಾಲ ಶುರುವಾಯ್ತು."

ಆಡಿಯಲ್ಲಿ ಕೊಂಡದ್ದೇ ಒಂದು ತಪ್ಪು. ಅದರ ಮೇಲೆ ಮಂಗಳವಾರದ ರಾಹುಕಾಲದಲ್ಲಿ ಹೊಸ ಮಿಷಿನ್ನಿಗೆ ಮೊದಲ ಜೀವ ಕೊಡುವುದು ಅವಳಿಂದಾಗದ ಮಾತು. ಅದರಲ್ಲಿ ಮೊದಲು ಹೋಗುವುದು ಮುತ್ತುಸೆಲ್ವಿಯ ಅರ್ಜಿ, ಎರಡು ಜೀವದ ಪ್ರಶ್ನೆ. ನಾಲ್ಕೂವರೆವರೆಗೆ ಕಾಯೋಣವೆಂದರೆ ಅಂದು ಮನೆಯಲ್ಲಿ ಔವೈ ನೋಂಬು, ಹೆಂಗಸರೇ ಸೇರಿ ಮಾಡುವ ಆಡಿ ಮಂಗಳವಾರದ ವ್ರತ. ಬೀದಿಯ ಹೆಂಗಸರೆಲ್ಲ ಅವಳ ಮನೆಗೇ ಬರುವವರು, ಐದರೊಳಗೆ ಅಕ್ಕಿ ಕುಟ್ಟಿ ಹಿಟ್ಟು ಮಾಡಿಟ್ಟಿರಬೇಕು. ಅಲ್ಲಿಯೂ ಬೇಡ, ಇಲ್ಲಿಯೂ ಬೇಡ ಎನ್ನುವಂಥ ಹೊತ್ತು.

"ಬಿಟ್ಟು ಹೋಗಿ ಅಕ್ಕಾ. ರಾಹುಕಾಲ ಕಳೆದ ಮೇಲೆ ಹಚ್ಚಿ, ತಮಿಳು ಅಕ್ಷರ ಹಾಕಿ, ಹಳೇದೆಲ್ಲ ತುಂಬಿಡ್ತೀನಿ. ನಾಳೆ ತಗೊಂಡ್ಹೋಗಿ" ಎಂದ ಇಸಕ್ಕಿ. ಬಿಲ್ಲಿನ ಹಿಂದೆ ಪಾಸ್‌ವರ್ಡ್ ಬರೆಯಲು ಅವನು ಪೆನ್ನು ಕೊಟ್ಟಾಗ ದಾರ ಅವಳ ಬೆರಳಿಗೆ ತಾಗಿತು.

ಅವಳು ಬರೆಯಲಿಲ್ಲ. ಪೆನ್ನು ಹಿಡಿದುಕೊಂಡೇ ಕುತ್ತಾಲಂ ಅಣ್ಣಾಚಿಯ ಮೇಜಿಗೆ ಹೋಗಿ, ದನಿ ತಗ್ಗಿಸಿ, "ಅಣ್ಣಾಚಿ, ತಪ್ಪು ತಿಳ್ಕೋಬೇಡಿ. ಅದರೊಳಗೆ ಜನರ ಸ್ವಂತ ವಿಷಯ ಇದೆ. ಆ ಹುಡುಗ ಏನೂ ತೆಗೆದು ಓದಬಾರ್ದು. ಪಾಸ್‌ವರ್ಡ್ ನಿಮ್ಮ ಕೈಲಿ ಕೊಡ್ತೀನಿ. ಮುಗಿಯೋವರೆಗೂ ನೀವು ಅವನ ಪಕ್ಕದಲ್ಲೇ ಕೂತಿರ್ಬೇಕು" ಎಂದಳು.

"ಅದಕ್ಕೇನು ತಾಯಿ. ನನ್ನ ಕಣ್ಣು ತಪ್ಪಿ ಒಂದಕ್ಷರ ಆಚೆ ಹೋಗಲ್ಲ" ಎಂದರು ಅವರು. ಚೀಟಿಯನ್ನು ಅಂಗಿಯ ಒಳಜೇಬಿಗೆ ಹಾಕಿ ಜೇಬನ್ನು ಒಮ್ಮೆ ತಟ್ಟಿದರು.

ಬಸ್ಸಿನಲ್ಲಿ ಅವಳಿಗೆ ಕೈ ಖಾಲಿ ಅನ್ನಿಸಿತು. ಹತ್ತು ವರ್ಷದಲ್ಲಿ ಆ ಮಿಷಿನ್ ಅವಳನ್ನು ಬಿಟ್ಟು ಒಂದು ಸಂಜೆಯೂ ಕಳೆದಿರಲಿಲ್ಲ. ಒಂದು ಸಲ ಇಳಿದು ವಾಪಸ್ ಹೋಗಿಬಿಡೋಣ ಅನ್ನಿಸಿತು, ಆಗ ಬಸ್ಸು ಸೇತುವೆ ದಾಟುತ್ತಿತ್ತು. ಕುತ್ತಾಲಂ ಅಣ್ಣಾಚಿಯ ವಿಭೂತಿಯನ್ನು ನೆನೆದು ಸಮಾಧಾನ ಮಾಡಿಕೊಂಡಳು. ಅಂದು ಹಿಟ್ಟು ಗಂಟಾಯಿತು. ನೋಂಬಿನ ಉಪ್ಪಿಲ್ಲದ ಕಡುಬು, ಕೊಳುಕ್ಕಟ್ಟೆ, ಎರಡು ಸಲ ಒಡೆಯಿತು. ನೆರೆಯ ಹೆಂಗಸರು, "ಏನಕ್ಕಾ, ಇವತ್ತು ನಿಮ್ಮ ಕೈಗೇನಾಯ್ತು?" ಎಂದು ಕೇಳಿದರು. ವಯಸ್ಸಾಯಿತು ಎಂದಳು.

ಬುಧವಾರ ಹನ್ನೊಂದಕ್ಕೆ ಅಂಗಡಿಗೆ ಹೋದಾಗ ಕುತ್ತಾಲಂ ಅಣ್ಣಾಚಿಯ ಕುರ್ಚಿ ಖಾಲಿ. ಇಸಕ್ಕಿ ಒಬ್ಬನೇ ಇದ್ದ. ಹೊಸ ಲ್ಯಾಪ್‌ಟಾಪನ್ನು ಒರೆಸಿ, ತೆರೆದು ಅವಳ ಮುಂದಿಟ್ಟ. ಗುಂಡಿ ಒತ್ತಿದ ತಕ್ಷಣ ಬೆಳಗಿತು. ಕಡತಗಳು ವರ್ಷವಾರು ಅಚ್ಚುಕಟ್ಟಾಗಿ ಕೂತಿದ್ದವು, ತಮಿಳು ಕೀಲಿಗಳು ಹಳೇ ಟೈಪ್‌ರೈಟರಿನ ಕ್ರಮದಲ್ಲೇ ಓಡಿದವು. ಒಳ್ಳೆಯ ಕೆಲಸ, ಕಲಿತವನ ಕೈ. ತಾನು ಅನುಮಾನಿಸಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಕಡತ ಆರಿಸುವಾಗ, ಈಚೆಗೆ ತೆರೆದವುಗಳ ಪಟ್ಟಿ ಕಂಡಿತು. ಎಲ್ಲಕ್ಕಿಂತ ಮೇಲೆ ಮುತ್ತುಸೆಲ್ವಿಯ ವಿಳಾಸದ ಹಾಳೆ. ಅದರ ಕೆಳಗೆ ಅವಳ ಅರ್ಜಿ. ಎರಡೂ ನಿನ್ನೆ ಸಂಜೆ ಆರರ ಸುಮಾರಿಗೆ ತೆರೆದವು.

"ಇದನ್ನ ಯಾರು ತೆಗೆದ್ರು?" ಎಂದಳು. ದನಿ ಅವಳದ್ದೇ ಅನ್ನಿಸಲಿಲ್ಲ.

"ಅಕ್ಷರ ಸರಿಯಾಗಿ ಬರುತ್ತಾ ಅಂತ ಮೇಲಿದ್ದ ಒಂದು ಕಡತ ತೆಗೆದೆ ಅಕ್ಕಾ. ಅಷ್ಟು ನೋಡ್ಲೇಬೇಕು, ಇಲ್ಲಾಂದ್ರೆ ಎಲ್ಲಾ ಚೌಕ ಚೌಕ ಬಂದ್ಬಿಡುತ್ತೆ. ಅಕ್ಷರ ಬಂತು, ಮುಚ್ಚೋಕೆ ಹೋದೆ. ಅಣ್ಣಾಚಿ ಪಕ್ಕದಲ್ಲೇ ಕೂತಿದ್ರಲ್ಲ, ತಡಿ ಅಂದ್ರು. ನಾನು ಓದಿಲ್ಲ ಅಕ್ಕಾ, ನನ್ನಮ್ಮನಾಣೆ. ಅವರು ಓದಿದ್ರು. ಆಮೇಲೆ ನಂಗೆ ಟೀ ಕುಡ್ದು ಬಾ ಅಂತ ಕಳಿಸಿದ್ರು. ಬಂದಾಗ ಇನ್ನೊಂದು ಹಾಳೆ ತೆಗ್ದಿತ್ತು, ಅವರು ಹೊರಗೆ ನಿಂತು ಫೋನಲ್ಲಿ ಮಾತಾಡ್ತಿದ್ರು."

"ಈಗೆಲ್ಲಿ ಅವರು?"

"ಹೊರಟುಹೋದ್ರು. ನಿನ್ನೆ ಸಂಜೇನೇ ಮನೆ ಕಡೆಯವರು ಬಂದ್ರು, ಬಿಳಿ ಕಾರಲ್ಲಿ."

"ಮನೆ ಕಡೆಯವರು ಅಂದ್ರೆ?"

"ಸೆಂಗಾಡುಪಟ್ಟಿ ಅಕ್ಕಾ. ಬಿಟ್ಟು ಬಂದು ನಲವತ್ತು ವರ್ಷ ಆದ್ರೂ ಅಣ್ಣಾಚಿ ಊರು ಅದೇ ಅಲ್ವಾ. ನಿಮ್ಗೆ ಗೊತ್ತಿಲ್ವಾ?"

ಶೆಂಬಗಂ ಅವನ ಮಣಿಕಟ್ಟನ್ನು ನೋಡಿದಳು. ಅವನು ಆ ನೋಟವನ್ನು ಕಂಡು, ಕೈಯನ್ನು ಮೇಜಿನ ಕೆಳಗೆ ಇಳಿಸಿದ.

"ಇದು ನಮ್ದಲ್ಲ ಅಕ್ಕಾ. ನಮ್ಮದು ಬೇರೆ ಜನ. ಈ ಅಂಗಡೀಲಿ ಕೆಲ್ಸ ಬೇಕಾದ್ರೆ ಕಟ್ಕೋಬೇಕು ಅಂತ ಅಣ್ಣಾಚಿನೇ ಕಟ್ಟಿಸಿದ್ರು. ಅವರು ಕಟ್ಟಲ್ಲ. ದೊಡ್ಡವರಿಗೆ ಯಾಕೆ ದಾರ, ಅವರ ಮುಖಾನೇ ಸಾಕು."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಆ ಬೇಲಿಯನ್ನು ತಂದು ನೆಟ್ಟವಳು ಅವಳೇ. ಇಸಕ್ಕಿಯೊಬ್ಬನ ಕೈಗೇ ಬಿಟ್ಟು ಹೋಗಿದ್ದರೆ ಅವನು ಅಕ್ಷರ ನೋಡಿ ಮುಚ್ಚುತ್ತಿದ್ದ. ಬೇಡಿ ಬೇಡಿ ಕಾವಲು ಕೂರಿಸಿ, ಪಾಸ್‌ವರ್ಡನ್ನೂ ಅವರ ಕೈಗೇ ಕೊಟ್ಟು ಹೋಗಿದ್ದಳು. ಜೀವಮಾನವಿಡೀ ಈ ಜಿಲ್ಲೆಯ ದಾರಗಳನ್ನು ಕಂಡರೆ ಉಗಿಯುತ್ತಿದ್ದವಳು, ಕೊನೆಗೆ ದಾರ ನೋಡಿಯೇ ಮನುಷ್ಯನನ್ನು ಅಳೆದಳು.

ಪೊಲೀಸರಿಗೆ ಹೇಳಬೇಕು, ಪ್ರಭಾವತಿಗೆ ಹೇಳಬೇಕು. ಪ್ರಭಾವತಿಯ ಫೋನು ಕೋರ್ಟಿನೊಳಗಿರುವಾಗ ಯಾವಾಗಲೂ ಹಾಗೆಯೇ, ಆಫ್ ಆಗಿತ್ತು. ತಿರುಪ್ಪೂರಿಗೆ ಕಾರಿನಲ್ಲಿ ಆರೇಳು ಗಂಟೆಯ ದಾರಿ, ಅವರು ಹೊರಟಿದ್ದು ನಿನ್ನೆ ಸಂಜೆ. ಶೆಂಬಗಂ ಆ ಲೆಕ್ಕವನ್ನು ಮಾಡದಿರಲು ನೋಡಿದಳು. ವಿಳಾಸದ ಹಾಳೆಯನ್ನು ತೆರೆದಳು. ವಕೀಲೆಯ ಫೋನಿನಿಂದ ಬಿಟ್ಟು ಬೇರೆ ಕಡೆಯಿಂದ ಎಂದೂ ಕರೆಯಕೂಡದೆಂದು ಮಾತಾಗಿದ್ದ ನಂಬರು ಅದರ ಕೊನೆಯ ಸಾಲಿನಲ್ಲಿತ್ತು. ಹೊಸ ಪರದೆಯ ಮೇಲೆ ಅಂಕಿಗಳು ಎಷ್ಟು ನಿಚ್ಚಳವಾಗಿ ಕಾಣುತ್ತಿದ್ದವೆಂದರೆ ಕನ್ನಡಕವೂ ಬೇಕಾಗಲಿಲ್ಲ.

ನಾಲ್ಕನೇ ಸಲ ಗಂಟೆ ಹೊಡೆದ ಮೇಲೆ ಮುತ್ತುಸೆಲ್ವಿ ಎತ್ತಿದಳು.

"ಮುತ್ತು, ನಾನು ಟೈಪ್ ಅಕ್ಕ."

"ಅಯ್ಯೋ ಅಕ್ಕಾ, ನೂರು ವರ್ಷ ಆಯಸ್ಸು ನಿಮ್ಗೆ. ಈಗ ತಾನೆ ನಿಮ್ಮ ಮಾತೇ ಆಡ್ತಿದ್ವಿ" ಎಂದಳು ಹುಡುಗಿ. ದನಿಯಲ್ಲಿ ಹಬ್ಬದ ಸಡಗರವಿತ್ತು. ಆ ಕೋಣೆಗೆ ಎರಡು ತಿಂಗಳಲ್ಲಿ ಒಬ್ಬ ನೆಂಟನೂ ಬಂದಿರಲಿಲ್ಲ.

"ಯಾರ ಜೊತೆ?"

"ನೀವು ಕಳಿಸಿದ್ದೀರಲ್ಲ ಅಕ್ಕಾ, ವಿಭೂತಿ ಇಟ್ಕೊಂಡ ದೊಡ್ಡವರು. ಶುಕ್ರವಾರದ ಅರ್ಜಿಗೆ ಇನ್ನೊಂದು ಸಹಿ ಬೇಕಂತೆ. ನಿಮ್ಮ ಹೊಸ ಲ್ಯಾಪ್‌ಟಾಪ್ ವಿಷ್ಯ ಎಲ್ಲ ಹೇಳಿದ್ರು, ಚೌಕಾಸಿ ಮಾಡಿದ್ದು ಕೇಳಿ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆ. ಜೊತೆಗೆ ಮೂರು ಜನ ಬಂದಿದ್ದಾರಂತೆ, ನಮ್ಮವ್ರು ಬರಲಿ ಅಂತ ಹೊರಗೇ ನಿಂತಿದ್ದಾರೆ. ನಮ್ಮವ್ರು ಕೆಲಸದಿಂದ ಊಟಕ್ಕೆ ಬರೋ ಹೊತ್ತಾಯ್ತು. ಕಾಫಿಗೆ ಹಾಲು ಇಟ್ಟಿದ್ದೀನಿ."

ಶೆಂಬಗಂ ಅಂಗಡಿಯ ಗೋಡೆಗೆ ಒರಗಿದಳು. ಎಷ್ಟೋ ಜನರ ಕಡೇ ಮಾತುಗಳನ್ನು ತಡವರಿಸದೆ ಟೈಪ್ ಮಾಡಿದ್ದ ಬೆರಳುಗಳಿಂದ ಫೋನನ್ನು ಕಿವಿಗೆ ಒತ್ತಿಕೊಂಡಳು. ಇಸಕ್ಕಿ ಬಂದು ಅವಳ ಮೊಣಕೈ ಹಿಡಿದುಕೊಂಡ.

"ಮುತ್ತು, ನಾನು ಹೇಳೋದು ಕೇಳು. ಮುಖ ಬದಲಾಯಿಸ್ಬೇಡ. ನಗ್ತಾ ಇರು. ಆ ಮನೆಗೆ ಹಿಂಬಾಗಿಲು ಇದೆಯಾ?"

"ಒಂದೇ ಬಾಗಿಲು ಅಕ್ಕಾ" ಎಂದಳು ಮುತ್ತುಸೆಲ್ವಿ, ನಗುತ್ತಲೇ. "ಯಾಕೆ?"